ಪ್ರವಾಸಿಗರು ಮರಳಿ ಬಂದ ಮೇಲೆ ನಮ್ಮ ಊಟಿ

"ಊಟಿಯಲ್ಲಿದ್ದೀರಂತೆ ಫಾದರ್, ಪುಣ್ಯವಂತರು" ಎಂದು ಗುಂಡ್ಲುಪೇಟೆ, ಮೈಸೂರು ಕಡೆಯ ಪರಿಚಿತರು ಸಿಕ್ಕಾಗಲೆಲ್ಲ ಹೇಳುತ್ತಾರೆ. ಸುಮಾರು 2,240 ಮೀಟರ್ ಎತ್ತರದ ತಂಪು ಊರು, ಹೌದು, ಪುಣ್ಯವೇ. ಆದರೆ ಪ್ರಿಯ ಓದುಗರೇ, ಎರಡು ದಿನಕ್ಕೆ ಬಂದು ಹೋಗುವವರ ಊಟಿ ಬೇರೆ, ಇಲ್ಲಿಯೇ ಬಾಡಿಗೆ ಕಟ್ಟಿ ಮಕ್ಕಳನ್ನು ಓದಿಸುವವರ ಊಟಿ ಬೇರೆ. ಈ ಎರಡು ಊಟಿಗಳು ಒಮ್ಮೆ ಬೇರೆಯಾಗಿ ಮತ್ತೆ ಕೂಡಿದ್ದನ್ನು 2020ರಿಂದೀಚೆಗೆ ನಾವು ಕಣ್ಣಾರೆ ಕಂಡೆವು.

ಕನ್ನಡಿಗರಿಗೆ ಈ ಬೆಟ್ಟ ಪರಕೀಯವಲ್ಲ. ಇಲ್ಲಿಯ ಅತ್ಯುನ್ನತ ಶಿಖರದ ಹೆಸರೇ ದೊಡ್ಡಬೆಟ್ಟ. ಬಡಗರ ಮಾತು ಕನ್ನಡದ ನೆಂಟ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬಂದವರೆಂಬುದೇ ಅವರ ಹೆಸರಿನ ಅರ್ಥ. ಹಟ್ಟಿಯ ಅಜ್ಜಿಯೊಬ್ಬರು ಮಾತಾಡುವಾಗ ನಿಧಾನವಾಗಿ ಕಿವಿಗೊಟ್ಟರೆ ನಮಗೆ ಬಹಳಷ್ಟು ತಿಳಿಯುತ್ತದೆ. ಸಂತ ಸ್ಟೀಫನರ ಇಗರ್ಜಿಯ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು. ಫರ್ನ್‌ಹಿಲ್‌ನಲ್ಲಿ ಮೈಸೂರು ಅರಸರ ಬೇಸಿಗೆ ಅರಮನೆ ಇದೆ. ಇಷ್ಟಿದ್ದರೂ, ಬಂಡೀಪುರದ ಗೇಟು ಬೆಳಿಗ್ಗೆ ಆರಕ್ಕೆ ತೆರೆದೊಡನೆ ಹೊರಟು ಬರುವ ಕರ್ನಾಟಕದ ಕಾರುಗಳವರಿಗೆ ಇಲ್ಲಿ ಕನ್ನಡದಲ್ಲಿ ಉತ್ತರ ಸಿಕ್ಕರೆ ಪ್ರತಿಸಲವೂ ಆಶ್ಚರ್ಯ!

2020ರ ಮಾರ್ಚ್ 25ರಂದು ದೇಶವೆಲ್ಲ ಬೀಗ ಹಾಕಿಕೊಂಡಿತು. ನಮ್ಮಲ್ಲಿ ಏಪ್ರಿಲ್, ಮೇ ಎಂದರೆ ಸೀಸನ್. ವರ್ಷದ ಅಕ್ಕಿ, ಶಾಲೆಯ ಫೀಜು, ಮಗಳ ಮದುವೆಯ ಸಾಲ ಎಲ್ಲವೂ ಆ ಎರಡು ತಿಂಗಳ ಮೇಲೆ ನಿಂತಿರುತ್ತವೆ. ಬಿತ್ತಿದ ರೈತನಿಗೆ ಮಳೆ ಹೇಗೋ ಟ್ಯಾಕ್ಸಿಯವರಿಗೆ, ಗೈಡುಗಳಿಗೆ, ಕೆರೆಯ ಬಳಿ ಕುದುರೆ ಹಿಡಿದು ನಿಲ್ಲುವವರಿಗೆ ಸೀಸನ್ ಹಾಗೆ. ಆ ವರ್ಷ ಅದು ಬರಲೇ ಇಲ್ಲ. 1896ರಲ್ಲಿ ಆರಂಭವಾದ ಪುಷ್ಪ ಪ್ರದರ್ಶನ 2020ರಲ್ಲೂ 2021ರಲ್ಲೂ ನಡೆಯಲಿಲ್ಲ. ಸಸ್ಯೋದ್ಯಾನದ ಮಾಲಿಗಳು ಎಂದಿನಂತೆ ಕುಂಡಗಳಲ್ಲಿ ಸಸಿ ಬೆಳೆಸಿದರು, ಹೂವು ಬಿಟ್ಟವು, ನೋಡುವವರಿರಲಿಲ್ಲ.

ಆಗ ಊರು ಎಷ್ಟು ಚೆನ್ನಾಗಿತ್ತು ಎಂದು ಬರೆದವರು ಹಲವರು. ಸದ್ದಿಲ್ಲ, ಹೊಗೆಯಿಲ್ಲ, ಕಾಟಿಗಳು ರಸ್ತೆಯಲ್ಲಿ ನಿಶ್ಚಿಂತೆಯಿಂದ ಮೇಯುತ್ತಿದ್ದವು. ಸತ್ಯವೇ. ಆದರೆ ಆ ಸೌಂದರ್ಯವನ್ನು ಸವಿಯಲು ಮನೆಯಲ್ಲಿ ತಿಂಗಳ ಸಂಬಳ ಬರುತ್ತಿರಬೇಕಿತ್ತು. ಲಾಡ್ಜೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದ, ಗಂಡನಿಲ್ಲದ ತಾಯಿಯೊಬ್ಬರು ಕೆಲಸ ಕಳೆದುಕೊಂಡು ಕ್ಯಾರೆಟ್ ತೊಳೆಯುವ ಕೂಲಿಗೆ ಹೋದರು. ಚುಮುಚುಮು ಬೆಳಗಿನಲ್ಲಿ ಊಟಿಯ ನೀರಿಗೆ ಕೈಯಿಟ್ಟು ನೋಡಿ, ಗೊತ್ತಾಗುತ್ತದೆ. ತಮಿಳುನಾಡು ಸರ್ಕಾರ ಪಡಿತರ ಚೀಟಿಗೆ 2020ರಲ್ಲಿ 1,000 ರೂಪಾಯಿ, 2021ರಲ್ಲಿ ಎರಡು ಕಂತಿನಲ್ಲಿ 4,000 ರೂಪಾಯಿ ಕೊಟ್ಟಿತು. "ರೇಷನ್ ಅಕ್ಕಿ ಇತ್ತು ಸ್ವಾಮಿ, ಆದರೆ ಬಾಡಿಗೆಗೆ ಅಕ್ಕಿ ಕೊಡಕ್ಕಾಗುತ್ತಾ?" ಎಂದು ಆ ತಾಯಿ ಕೇಳಿದ್ದರು.

ಪ್ರವಾಸಿಗರು ಒಂದೇ ದಿನ ಮರಳಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಇ-ಪಾಸ್ ಇದ್ದವರಿಗೆ ಉದ್ಯಾನಗಳು ತೆರೆದವು. ವರ್ಷದ ಕೊನೆಗೆ ಪುಟ್ಟ ರೈಲು ಓಡಿತು; 2021ರಲ್ಲಿ ಎರಡನೇ ಅಲೆ ಬಂದು ಮತ್ತೆ ನಿಂತಿತು, ಸೆಪ್ಟೆಂಬರಿನಲ್ಲಿ ಪುನಃ ಹೊರಟಿತು. ಮೇಟುಪಾಳ್ಯದಿಂದ 46 ಕಿಲೋಮೀಟರ್, 16 ಸುರಂಗ, ಕಲ್ಲಾರಿನಿಂದ ಕೂನೂರಿನವರೆಗೆ ಹಲ್ಲುಹಳಿಯನ್ನು ಕಚ್ಚಿಕೊಂಡು ಏರುವ ಈ ರೈಲನ್ನು ಯುನೆಸ್ಕೋ 2005ರಲ್ಲಿ ವಿಶ್ವ ಪರಂಪರೆಗೆ ಸೇರಿಸಿದೆ. ನಮಗೆ ಮಾತ್ರ ಅದರ ಸಿಳ್ಳು ಎಂದರೆ, ಸ್ಟೇಷನ್ ಎದುರಿನ ಆಟೋದವರಿಗೆ ಇವತ್ತು ಬೋಣಿಯಾಗುತ್ತದೆ ಎಂಬ ಸುದ್ದಿ.

2022ರ ಮೇ ತಿಂಗಳಲ್ಲಿ ಪುಷ್ಪ ಪ್ರದರ್ಶನ ಮರಳಿತು. ಅಬ್ಬಾ, ಆ ಜನ! ಎರಡು ವರ್ಷ ಮನೆಯಲ್ಲಿ ಕುಳಿತವರೆಲ್ಲ ಒಟ್ಟಿಗೆ ಎದ್ದು ಬಂದಂತಿತ್ತು. ಚೇರಿಂಗ್ ಕ್ರಾಸ್‌ನಲ್ಲಿ ವಾಹನಗಳು ಇರುವೆಯ ಸಾಲಿನಂತೆ. ಭಾನುವಾರದ ಪೂಜೆಗೆ ಹೊರಟವರು ಕಾರಿಳಿದು ನಡೆದೇ ಬಂದರು. ರೋಗಿಗೆ ಅಂತ್ಯಾಭ್ಯಂಗ ಕೊಡಲು ಹೋಗುವ ಗುರುವಿಗೂ, ಹೆರಿಗೆಗೆ ಹೊರಟ ಹೆಣ್ಣುಮಗಳಿಗೂ ಆ ಸಾಲಿನಲ್ಲಿ ಬೇರೆ ದಾರಿ ಇಲ್ಲ. ನಲ್ಲಿಯಲ್ಲಿ ನೀರು ಬರುವ ದಿನಗಳ ಅಂತರ ಹೆಚ್ಚಿತು, ಲಾಡ್ಜುಗಳಿಗೆ ಟ್ಯಾಂಕರುಗಳು ಓಡಿದವು. ಬಾಡಿಗೆ ಮನೆಗಳು ಹೋಂಸ್ಟೇಗಳಾದವು. ಕೋವಿಡ್ ಕಾಲದಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡಿದ್ದ ಕುಟುಂಬಗಳೇ ಮೊದಲು ಮನೆ ಖಾಲಿ ಮಾಡಬೇಕಾಗಿ ಬಂತು. ನನಗೆ ಅತಿ ನೋವು ತಂದದ್ದು ಇದು. ಯಾರು ಬರಲೆಂದು ಪ್ರಾರ್ಥಿಸಿದ್ದರೋ ಅವರು ಬಂದಾಗ ಇವರಿಗೇ ಜಾಗವಿಲ್ಲ.

ಹಾಗೆಂದು ಯಾರೂ ಬರಬೇಡಿ ಎನ್ನುವವರ ಪಕ್ಷ ನಾನಲ್ಲ. ಬಟ್ಟೆ ಒಗೆಯುತ್ತಿದ್ದ ಆ ತಾಯಿಗೆ ಲಾಡ್ಜಿನ ಕೆಲಸ ಮತ್ತೆ ಸಿಕ್ಕಿದೆ, ಮಗ ಕಾಲೇಜಿಗೆ ಹೋಗುತ್ತಿದ್ದಾನೆ.

ಕೊನೆಗೆ ಮದ್ರಾಸ್ ಉಚ್ಚ ನ್ಯಾಯಾಲಯವೇ ಕೈಹಾಕಬೇಕಾಯಿತು. ಅದರ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲಿಗೂ ಇ-ಪಾಸ್ ಬಂತು. 2025ರ ಏಪ್ರಿಲಿನಿಂದ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿ. ವ್ಯಾಪಾರಿಗಳು ಸಿಟ್ಟಿಗೆದ್ದು ಆ ತಿಂಗಳ ಆರಂಭದಲ್ಲೇ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಅವರ ಭಯ ನನಗೆ ಅರ್ಥವಾಗುತ್ತದೆ, 2020ರ ಮೇ ತಿಂಗಳನ್ನು ಅವರು ಮರೆತಿಲ್ಲ. ಆದರೂ ಮಿತಿ ಬೇಕು ಎಂದೇ ನನ್ನ ಅಭಿಪ್ರಾಯ. ಬೆಟ್ಟದ ರಸ್ತೆಯನ್ನು ಎಷ್ಟೆಂದು ಅಗಲಿಸುವುದು? ಮಿತಿಯ ಜೊತೆಗೆ ಮೇ ಒಂದರಲ್ಲೇ ನುಗ್ಗುವ ಜನ ವರ್ಷಕ್ಕೆಲ್ಲ ಹಂಚಿಹೋದರೆ ಕುದುರೆಯವನಿಗೂ ಒಳಿತು, ಕುದುರೆಗೂ ಒಳಿತು.

ಕನ್ನಡ ನಾಡಿನಿಂದ ಬರುವ ಕುಟುಂಬಗಳಿಗೆ ಒಂದೆರಡು ಮಾತು. ಆದರೆ ಮೈಸೂರಿನಿಂದ ಬಸ್ಸಿನಲ್ಲೇ ಬನ್ನಿ. ಸರ್ಕಾರಿ ಬಸ್ಸಿನವರಿಗೆ ಈ ಪಾಸಿನ ತಾಪತ್ರಯ ಇಟ್ಟಿರಲಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿ ತಂದರೆ ಚೆಕ್‌ಪೋಸ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ, ಸ್ಟೀಲಿನದು ತನ್ನಿ. ಮೇ ತಿಂಗಳು ಬಿಟ್ಟು ಸೆಪ್ಟೆಂಬರ್, ಅಕ್ಟೋಬರಿನ ಎರಡನೇ ಸೀಸನ್ನಿಗೆ ಬಂದರೆ ರೂಮು ಅಗ್ಗ, ಹೂವು ಆಗಲೂ ಇರುತ್ತದೆ. ಬೆಳಿಗ್ಗೆ ಒಂದು ಸ್ವೆಟರ್ ಬೇಕಾದೀತು.