ನೀರಿನ ತನಕ ಒಂದು ದಾರಿ

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ನೆಲೆಸಿರುವ ಕನ್ನಡ ಮನೆಮಾತಿನ ನಿವೃತ್ತ ಹವಾಲ್ದಾರರೊಬ್ಬರಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಗಡಿಕಾವಲಿನ ದಿನಗಳಲ್ಲಿ ನೆಲಬಾಂಬೊಂದು ಅದನ್ನು ಕಿತ್ತುಕೊಂಡಿತು. 1944ರಿಂದ ಸೈನಿಕರಿಗೆ ಆಸರೆಯಾಗಿರುವ ಪುಣೆಯ ಕೃತಕ ಅವಯವ ಕೇಂದ್ರದಲ್ಲಿ ಅವರಿಗೆ ಹೊಸ ಕಾಲು ದೊರೆಯಿತು. ಆ ಕಾಲಿನ ಮೇಲೆಯೇ ಅವರು ಸಂತೆಗೆ ಹೋಗಿ ತರಕಾರಿ ತರುತ್ತಾರೆ, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾರೆ. ಕೈಬಿಟ್ಟುಹೋದುದು ಒಂದೇ: ಬಾಲ್ಯದಲ್ಲಿ ತಂದೆಯ ಜೊತೆ ಕಲಿತ ಗಾಳದ ಮೀನುಬೇಟೆ.

ಅಮೆರಿಕದ ಟೆಕ್ಸಾಸಿನಲ್ಲಿರುವ ತಮ್ಮನ ಮಗ ಒಮ್ಮೆ ಫೋನಿನಲ್ಲಿ ಹೇಳಿದ: "ದೊಡ್ಡಪ್ಪ, ಇಲ್ಲಿ ನಿಮ್ಮಂಥ ಸೈನಿಕರಿಗೆ ಮೀನು ಹಿಡಿಯುವ ಲೈಸೆನ್ಸು, ಬೇಟೆಯ ಲೈಸೆನ್ಸು ಎರಡೂ ಪುಕ್ಕಟೆ." ಮಾತು ನಿಜ. ಸೇವೆಯಿಂದ ಉಂಟಾದ ವೈಕಲ್ಯ ಶೇ. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಕಾಲೊಂದು ನಿರುಪಯುಕ್ತವಾಗಿದ್ದರೆ, ಆ ರಾಜ್ಯವು ಮಾಜಿ ಸೈನಿಕರಿಂದ ಶುಲ್ಕ ಪಡೆಯುವುದಿಲ್ಲ. ಎಷ್ಟು ಹಣ ಉಳಿಯುತ್ತದೆಂದು ಹವಾಲ್ದಾರರು ಕೇಳಲಿಲ್ಲ. "ಅಲ್ಲಿ ನೀರಿನ ತನಕ ಇಳಿಯುವುದು ಹೇಗಪ್ಪಾ?" ಎಂದು ಕೇಳಿದರು.

ನಮ್ಮ ಸೀಮೆಗೂ ಇಂಥ ಲೈಸೆನ್ಸು ಹೊಸದಲ್ಲ. ಕೊಯಮತ್ತೂರಿನ ನೆತ್ತಿಯ ಮೇಲಿರುವ ನೀಲಗಿರಿಯಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡಲೆಂದು 1879ರಲ್ಲಿಯೇ ಮದ್ರಾಸು ಸರ್ಕಾರ ಕಾನೂನು ಮಾಡಿತ್ತು. ಸ್ವಾತಂತ್ರ್ಯಾನಂತರ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಮೊದಲಿಗೆ ಕೆಲವು ಬಗೆಯ ಬೇಟೆಗೆ ಪರವಾನಗಿಯ ಅವಕಾಶ ಇಟ್ಟಿತ್ತು. 1991ರ ತಿದ್ದುಪಡಿ ಅದನ್ನು ಮುಚ್ಚಿತು. ಅದು ಒಳ್ಳೆಯದೇ ಆಯಿತು. ಪ್ರಾಣಪಣವಿಟ್ಟು ದುಡಿದವನಿಗೆ ಇನ್ನೊಂದು ಪ್ರಾಣವನ್ನು ಉಡುಗೊರೆಯಾಗಿ ಕೊಡಬೇಕಾಗಿಲ್ಲ.

ಮೀನಿನ ಮಾತು ಬೇರೆ. ನಮ್ಮ ಕಡೆ ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆದಾರರಿಗೋ ಮೀನುಗಾರರ ಸಹಕಾರ ಸಂಘಕ್ಕೋ ಸೇರಿದ್ದು. ಅದು ಅವರ ಅನ್ನ. ಒಬ್ಬರ ಅನ್ನವನ್ನು ಇನ್ನೊಬ್ಬರಿಗೆ ಗೌರವವೆಂದು ಹಂಚುವುದು ನ್ಯಾಯವಲ್ಲ. ಆದುದರಿಂದ ಪರದೇಶದ ಚೀಟಿಯನ್ನು ಇಲ್ಲಿಗೆ ಹಾಗೆಯೇ ತರಬೇಕಾಗಿಲ್ಲ. ಆದರೆ ಆ ಚೀಟಿಯ ಹಿಂದಿರುವ ಭಾವ ಮನನಯೋಗ್ಯ: ದೇಹಕ್ಕೆ ಊನವಾದವನಿಗೆ ಔಷಧ, ಅನ್ನ, ಪಿಂಚಣಿ ಮಾತ್ರ ಸಾಲದು, ಸಂತೋಷವೂ ಬೇಕು.

ಪಿಂಚಣಿಯ ವಿಷಯದಲ್ಲಿ ನಮ್ಮ ದೇಶ ಕೈಕಟ್ಟಿ ಕುಳಿತಿಲ್ಲ. ಸೇವೆಯಿಂದ ಉಂಟಾದ ವೈಕಲ್ಯದಿಂದಾಗಿ ಸೇನೆಯಿಂದ ಬಿಡುಗಡೆಗೊಂಡ ಯೋಧನ ವೈಕಲ್ಯವು ಶೇ. 50ಕ್ಕಿಂತ ಕಡಿಮೆಯಿದ್ದರೂ 50 ಎಂದು, 50ರಿಂದ 75ರ ನಡುವೆ ಇದ್ದರೆ 75 ಎಂದು, ಅದನ್ನು ಮೀರಿದರೆ 100 ಎಂದು ಎಣಿಸುವ ಉದಾರ ಪದ್ಧತಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೆಯ ಕಲಮು ಇನ್ನೂ ಮುಂದೆ ಹೋಗಿ, ಸಾಂಸ್ಕೃತಿಕ ಜೀವನದಲ್ಲಿಯೂ ವಿನೋದ ವಿಹಾರಗಳಲ್ಲಿಯೂ ಅವರಿಗೆ ಸಮಪಾಲು ಇದೆ ಎನ್ನುತ್ತದೆ. ಕಾಗದದ ಮೇಲೆ ದಾರಿ ಸಿದ್ಧವಾಗಿದೆ. ನೆಲದ ಮೇಲೆ ಆಗಬೇಕು.

ಉಕ್ಕಡಂನ ಪೆರಿಯಕುಳಂ ದಂಡೆಯ ಮೇಲೆ ಈಚಿನ ವರ್ಷಗಳಲ್ಲಿ ನಡಿಗೆಯ ಹಾದಿ ಬಂದಿದೆ. ಹವಾಲ್ದಾರರು ಅಲ್ಲಿ ಸಂಜೆ ಅಡ್ಡಾಡುತ್ತಾರೆ, ಕೊಕ್ಕರೆಗಳನ್ನು ಮೊಮ್ಮಗಳಿಗೆ ತೋರಿಸುತ್ತಾರೆ. ಆದರೆ ಅವರ ಹುಟ್ಟೂರಿನ ಕೆರೆಗೆ ಇರುವುದು ಕಡಿದಾದ ಏರಿ, ಸವೆದ ಮೆಟ್ಟಿಲು. ಅಲ್ಲಿ ಗಾಳ ಹಾಕಲು ಯಾರ ಅಡ್ಡಿಯೂ ಇಲ್ಲ. ಗುತ್ತಿಗೆ ಹಿಡಿದವರೇ ಬಾಲ್ಯದ ಗೆಳೆಯರು, "ಬಾರಯ್ಯಾ" ಎಂದು ಕರೆಯುತ್ತಾರೆ. ಅಡ್ಡಿಯಾಗಿರುವುದು ಹನ್ನೆರಡು ಮೆಟ್ಟಿಲು. ಒಂದು ಇಳಿಜಾರು, ಹಿಡಿದುಕೊಳ್ಳಲು ಒಂದು ಕಬ್ಬಿಣದ ಕಂಬಿ, ಕೂರಲು ಒಂದು ಕಲ್ಲುಬೆಂಚು ಇದ್ದರೆ ಅವರ ಪಾಲಿನ ಲೈಸೆನ್ಸು ಅದೇ. ಅದು ಬಸುರಿ ಹೆಣ್ಣುಮಗಳಿಗೂ, ಊರುಗೋಲಿನ ಅಜ್ಜನಿಗೂ, ಬಟ್ಟೆಯ ಗಂಟು ಹೊತ್ತವಳಿಗೂ ಒದಗುತ್ತದೆ.

1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ನಡೆದುಬಂದಿದೆ. ಆ ದಿನ ಶಾಲೆಗಳಲ್ಲಿ ಮಕ್ಕಳು ಕಾಸು ಕೊಟ್ಟು ಪುಟ್ಟ ಧ್ವಜವನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ತಾಳವಾಡಿಯಿರಲಿ, ಹೊಸೂರಿರಲಿ, ಕಾಸರಗೋಡಿರಲಿ, ನಮ್ಮ ಕನ್ನಡ ಶಾಲೆಗಳ ಗುರುಗಳು ಆ ದಿನ ಮಕ್ಕಳಿಗೆ ಇನ್ನೊಂದು ಕೆಲಸವನ್ನೂ ಕೊಡಬಹುದು. ಊರಿನ ಕೆರೆ, ಗ್ರಂಥಾಲಯ, ಗುಡಿ, ಶಾಲೆಯ ಬಾಗಿಲು, ಇವುಗಳಿಗೆ ಎಷ್ಟೆಷ್ಟು ಮೆಟ್ಟಿಲುಗಳಿವೆ, ಪಕ್ಕದಲ್ಲಿ ಇಳಿಜಾರು ಇದೆಯೇ ಎಂದು ಎಣಿಸಿ ಬರೆದು ತರಲಿ. ಹಿರಿಯರು ಆ ಪಟ್ಟಿಯನ್ನು ಪಂಚಾಯಿತಿಗೆ ತಲುಪಿಸಲಿ.