ಅಳತೆಯ ನೀರು

ನಮ್ಮ ಕಡೆಯ ಹೆಂಗಸರಿಗೆ ಗಿಡಕ್ಕೆ ನೀರು ಹಾಕುವುದು ಹವ್ಯಾಸವಲ್ಲ, ಲೆಕ್ಕ. ಅಫಜಲಪುರ ತಾಲೂಕಿನ ಹಳ್ಳಿ ನನ್ನ ತವರು, ಮೊದಲ ನೌಕರಿ ಆಳಂದದ ಕಡೆ, ಗಂಡನ ಮನೆ ಜೇವರ್ಗಿ. ಮೂರೂ ಕಡೆ ಕೊಡ ಹೊತ್ತಿದ್ದೇನೆ. ಭೀಮೆ ಅಫಜಲಪುರ, ಜೇವರ್ಗಿ ಎರಡೂ ತಾಲೂಕುಗಳನ್ನು ಮುಟ್ಟಿಯೇ ಹರಿಯುತ್ತಾಳೆ. ಆಳಂದದ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಅವಳನ್ನು ಕೂಡಿಕೊಳ್ಳುತ್ತಾಳೆ. ಆದರೂ ಬೇಸಿಗೆಯಲ್ಲಿ ಕೊಡಗಳ ಸಾಲು ತಪ್ಪಿದ್ದಲ್ಲ. 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತಂದರು. 2020ರ ಅಕ್ಟೋಬರಿನಲ್ಲಿ ಅದೇ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ಹೊಕ್ಕಳು. ಇಲ್ಲದಿದ್ದರೆ ಇಲ್ಲ, ಇದ್ದರೆ ಹೊರೆಗಟ್ಟಲೆ. ನಡುವಿನ ಅಳತೆ ನಮಗೆ ಸಿಕ್ಕಿದ್ದು ಕಡಿಮೆ.

ಇಂಥಲ್ಲಿ ಆಲೂಗಡ್ಡಿ ಬೆಳೆಯುವವರು ಅಪರೂಪ. ಅದು ಹಾಸನ, ಕೋಲಾರ, ಚಿಕ್ಕಬಳ್ಳಾಪುರ, ಬೆಳಗಾವಿಯವರ ಬೆಳೆ. ಬೆಳಗಾವಿ ಕಡೆಯವರು ಅದಕ್ಕೆ ಬಟಾಟಿ ಎನ್ನುತ್ತಾರೆ, ಪೋರ್ಚುಗೀಸರು ಬಿಟ್ಟುಹೋದ ಹೆಸರು. ನಮ್ಮದು ಎರೆ ಭೂಮಿ. ತೊಗರಿಗೆ, ಹಿಂಗಾರಿ ಜೋಳಕ್ಕೆ ಅದು ತಾಯಿ. ಮಳೆಗಾಲದಲ್ಲಿ ಕುಡಿದ ಹಸಿಯನ್ನೇ ಹಿಡಿದಿಟ್ಟುಕೊಂಡು ಜೋಳವನ್ನು ತೆನೆಗೆ ತರುತ್ತದೆ. ಆದರೆ ಹಸಿಯಾದರೆ ಉಬ್ಬಿ, ಒಣಗಿದರೆ ಬಾಯಿ ಬಿಡುವ ಈ ಮಣ್ಣಿನಲ್ಲಿ ಗಡ್ಡೆಗೆ ಹಿಗ್ಗಲು ಜಾಗವೆಲ್ಲಿ?

2018ರ ದಸರೆಯ ಹೊತ್ತಿಗೆ ಬಜಾರದಿಂದ ತಂದ ಗಡ್ಡಿಗಳು ಬುಟ್ಟಿಯಲ್ಲೇ ಮೊಳೆತವು. ಹಿತ್ತಲಿನ ಎರೆಗೆ ಹಳ್ಳದ ಉಸುಕು, ಚೆನ್ನಾಗಿ ಕಳಿತ ತಿಪ್ಪಿಗೊಬ್ಬರ ಬೆರೆಸಿ ಹತ್ತು ಗಡ್ಡಿ ಹಚ್ಚಿದೆ. ಪಕ್ಕದ ಮನೆಯ ಅಕ್ಕ ಒಲೆಯ ಬೂದಿ ಸುರಿಯಲು ಹೇಳಿದರು. ಬೂದಿಯಲ್ಲಿ ಪೊಟ್ಯಾಷ್ ಇದೆ, ಗಡ್ಡೆಗೆ ಅದು ಬೇಕು, ನಿಜ. ಆದರೆ ಎರೆ ಮಣ್ಣಿನಲ್ಲಿ ಪೊಟ್ಯಾಷ್‌ಗೆ ಸಾಮಾನ್ಯವಾಗಿ ಕೊರತೆ ಇರುವುದಿಲ್ಲ. ಮೊದಲೇ ಸುಣ್ಣದಂಶವಿರುವ ಮಣ್ಣಿಗೆ ಬೂದಿ ಹೆಚ್ಚಾದರೆ ಗಡ್ಡೆಯ ಸಿಪ್ಪೆಗೆ ಕಜ್ಜಿ ಹತ್ತುತ್ತದೆ. ಯೂರಿಯಾ ಹೆಚ್ಚಾದರೆ ಎಲೆ ಸೊಂಪಾಗಿ, ಬುಡ ಬರಿದು. ಹಸಿ ಸಗಣಿಯೂ ಸಲ್ಲದು. ಮೇಲಿಂದ ನೋಡಿದವರಿಗೆ ಗಿಡ ಹುಲುಸಾಗಿ ಕಂಡಷ್ಟೂ ಒಳಗಿನ ಸಂಗತಿ ತಿಳಿಯದು.

ಅದೇ ತಿಂಗಳು ಕಲಬುರಗಿಯ ಡಾಕ್ಟರರು ನಮ್ಮ ಅತ್ತಿಯವರ ಮೂತ್ರಪಿಂಡ ದಣಿದಿದೆ ಎಂದರು. ನೀರು, ಚಹಾ, ಮಜ್ಜಿಗಿ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್. ಉಪ್ಪು ಕಡಿಮೆ. ಪೊಟ್ಯಾಸಿಯಂ ಇರುವ ಪದಾರ್ಥ ದೂರ. ಆ ಪಟ್ಟಿಯಲ್ಲಿ ಆಲೂಗಡ್ಡಿಯೂ ಇತ್ತು. ಹಿತ್ತಲಿನ ಗಿಡ ಬೇಡುವುದೂ ಅದನ್ನೇ, ಅತ್ತಿಯವರ ಮೈ ತಾಳದೇ ಇರುವುದೂ ಅದನ್ನೇ.

ಮನೆಗೆ ಬಂದವರೇ ಪಡಸಾಲೆಯಲ್ಲಿ ಕೂತು ಅತ್ತಿಯವರು ಒಂದೇ ಮಾತು ಹೇಳಿದರು: “ಜಲ್ಮೆಲ್ಲಾ ನೀರ ಹೊತ್ತೀನವಾ. ಈಗ ಕುಡಿಬ್ಯಾಡ ಅಂತಾರ.”

ನಾನು ಸ್ಟೀಲಿನ ತಂಬಿಗಿಯಲ್ಲಿ ಅವರ ನೀರನ್ನು ಮುಂಜಾನೆಯೇ ಅಳೆದಿಡತೊಡಗಿದೆ. ಹಿತ್ತಲಿನ ನೀರಿನ ಉಸ್ತುವಾರಿ ತಾನಾಗಿಯೇ ಅವರ ಕೈಗೆ ಹೋಯಿತು. ಮೊದಲು, “ಮನಷ್ಯಾರಿಗೇ ನೀರಿಲ್ಲ, ಗಡ್ಡಿಗೇನ ಹಾಕ್ತಿ?” ಎಂದವರು, ಆಮೇಲೆ ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಒಂದು ಹನಿಯೂ ಮೋರಿಗೆ ಹೋಗಗೊಡಲಿಲ್ಲ. ಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣೊಳಗೆ ಇಳಿಸಿ ನೋಡುವರು. ಹಸಿ ಹತ್ತಿದರೆ, “ಇವತ್ತ ಬ್ಯಾಡ,” ಎನ್ನುವರು. ಪುಸ್ತಕದ ಜ್ಞಾನ ನನ್ನದು, ಬೆರಳು ಅವರದು.

ಪುಸ್ತಕ ಹೇಳುವುದೂ ಅದನ್ನೇ. ಆಲೂಗಡ್ಡಿ ಬೇರಲ್ಲ, ಮಣ್ಣೊಳಗಿನ ಕಾಂಡದ ತುದಿ ಉಬ್ಬಿ ಆದದ್ದು. ಶಾಲೆಯಲ್ಲಿ ಮಕ್ಕಳಿಗೆ ಅದರ ಕಣ್ಣು ತೋರಿಸಿಯೇ ನಾವು ಇದನ್ನು ಕಲಿಸುತ್ತೇವೆ. ಗಿಡಕ್ಕೆ ಹೆಚ್ಚುಕಡಿಮೆ ಒಂದು ತಿಂಗಳಾದಾಗ ಗಡ್ಡೆ ಕಟ್ಟತೊಡಗುತ್ತದೆ. ರಾತ್ರಿ ತಂಪಿದ್ದರೇ ಅದು ಸಾಗುವುದು. ಅದಕ್ಕೇ ನಮ್ಮ ಕಡೆ ಚಳಿಗಾಲ ಬಿಟ್ಟರೆ ಬೇರೆ ಕಾಲವಿಲ್ಲ. ಆಗ ನೀರು ತಪ್ಪಬಾರದು. ಎಂಟು ದಿನ ಒಣಗಿಸಿ ಒಮ್ಮೆಲೇ ಸುರಿದರೆ ಗಡ್ಡೆ ಸೀಳುತ್ತದೆ, ಇಲ್ಲವೇ ಸೊಟ್ಟಪಟ್ಟ ಬೆಳೆಯುತ್ತದೆ. ನಿಂತ ನೀರಿನಲ್ಲಿ ಕೊಳೆಯುತ್ತದೆ. ಬುಡಕ್ಕೆ ಮಣ್ಣು ಏರಿಸದಿದ್ದರೆ ಬಿಸಿಲು ಬಿದ್ದು ಹಸಿರಾಗುತ್ತದೆ, ಹಸಿರಾದದ್ದು ಕಹಿ, ವಿಷವೂ ಹೌದು. ಕೊನೆಗೆ ಕೀಳುವ ಹತ್ತು ಹದಿನೈದು ದಿನ ಮುಂಚೆ ನೀರು ನಿಲ್ಲಿಸಲೇಬೇಕು, ಸಿಪ್ಪೆ ಬಲಿಯಲಿ ಎಂದು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವ ಶಕ್ತಿ ಅತ್ತಿಯವರಿಗಿರಲಿಲ್ಲ. ಸಜ್ಜಿ ಕಡಬು, ಭಜ್ಜಿ ಬುಟ್ಟಿಯಲ್ಲಿಟ್ಟುಕೊಂಡು ಹಿತ್ತಲಲ್ಲೇ ಆಲೂಗಡ್ಡಿಯ ಮಡಿಗೆ ಚರಗ ಚೆಲ್ಲಿದರು. ಭೂಮಿತಾಯಿಗೆ ಉಣಿಸುವ ಹಬ್ಬ, ಎರಡೆಕರೆಯಾದರೇನು, ಎರಡು ಮೊಳವಾದರೇನು? ಮರುದಿನದಿಂದ ನೀರು ನಿಲ್ಲಿಸುವುದಿತ್ತು. ಅವರೇ ಕೇಳಿದರು: “ಇವಕ್ಕೂ ಬಂದ್ ಮಾಡ್ತಿ?” ನಗುತ್ತಲೇ ಕೇಳಿದರು. ನನಗೆ ನಗಲಾಗಲಿಲ್ಲ.

ಕಿತ್ತಾಗ ನಾಲ್ಕು ಕಿಲೋ ಬಂತು. ಡಾಕ್ಟರರನ್ನು ಕೇಳಿದೆ. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ, ಎಂದಾದರೊಮ್ಮೆ ನಾಲ್ಕು ಹೋಳು ಕೊಡಬಹುದೆಂದರು. ಹಾಗೆ ಕುದಿಸಿದರೆ ಪೊಟ್ಯಾಸಿಯಂ ಬಹುಪಾಲು ನೀರಿಗಿಳಿಯುತ್ತದಂತೆ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ತಾಟಿಗೆ ಹಾಕಿದೆ. “ರುಚಿ ಇಲ್ಲ ಬಿಡವಾ,” ಎನ್ನುತ್ತ ನಾಲ್ಕೂ ಹೋಳು ತಿಂದರು. ಬಸಿದ ನೀರನ್ನು ಆರಿಸಿ ಕರಿಬೇವಿನ ಗಿಡಕ್ಕೆ ಹಾಕಲು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಅವರು ತೀರಿಕೊಂಡದ್ದು ಮರುವರ್ಷದ ಬೇಸಿಗೆಯಲ್ಲಿ. ಅಷ್ಟೂ ದಿನ ತಂಬಿಗಿಯ ಆಚೆ ಒಂದು ಗುಟುಕು ಅವರು ಕೇಳಲಿಲ್ಲ. ನಾನು ಅವರೆದುರು ನೀರು ಕುಡಿಯುವುದನ್ನು ಬಿಟ್ಟಿದ್ದೆ, ಅಡಿಗೆಮನೆಯ ಬಾಗಿಲ ಮರೆಯಲ್ಲಿ ಕುಡಿಯುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದರು. ಮನೆಯಲ್ಲಿ ಇಂಥ ರೋಗಿಯನ್ನು ನೋಡಿಕೊಂಡ ಅಕ್ಕತಂಗಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕೊಡುವುದು ಸುಲಭ, ಪ್ರೀತಿ ಇದ್ದರೆ ಕೈ ತಾನೇ ಮುಂದಾಗುತ್ತದೆ. ಹಿಡಿದ ಕೈಯಲ್ಲೂ ಅಷ್ಟೇ ಪ್ರೀತಿ ಇದೆಯೆಂದು ನೀರಡಿಸಿದವರಿಗೆ ಹೇಗೆ ತಿಳಿಸುವುದು? ಡಾಕ್ಟರರ ಮಾತು ಸರಿಯಿತ್ತು. ಅತ್ತಿಯವರ ನೀರಡಿಕೆಯೂ ನಿಜವಿತ್ತು.

ಪ್ರತಿ ಹಿಂಗಾರಿಗೆ ಈಗಲೂ ಹತ್ತು ಗಡ್ಡಿ ಹಚ್ಚುತ್ತೇನೆ. ನೀರು ಹಾಕುವ ಮೊದಲು ಬೆರಳಿಳಿಸಿ ನೋಡುತ್ತೇನೆ, ಎರಡು ಗೆಣ್ಣಿನ ತನಕ.