ನೀರು ಕೇಳದ ಬ್ಯಾಟರಿ

ಜೋಗದ ವಿದ್ಯುದಾಗಾರ ಕೆಲಸ ತೊಡಗಿದ್ದು 1948ರಲ್ಲಿ. ಆದರೂ ಅದೇ ಜಿಲ್ಲೆಯ ಶಿವಮೊಗ್ಗೆಯಲ್ಲಿ ಆಷಾಢದ ಗಾಳಿಗೆ ತಂತಿಯ ಮೇಲೊಂದು ಕೊಂಬೆ ಬಿದ್ದರೆ ಬೀದಿಗೆ ಬೀದಿಯೇ ಕತ್ತಲು. ದೀಪದ ಬುಡದಲ್ಲಿ ಕತ್ತಲೆಯೆಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಿವೃತ್ತ ಮೇಷ್ಟರ ಮನೆಯನ್ನು ಆ ಕತ್ತಲಿನಿಂದ ಕಾಯುತ್ತಿದ್ದುದು ಮೆಟ್ಟಿಲ ಕೆಳಗಿನ ಬ್ಯಾಟರಿ. ಹಸುವಿಗೆ ಕಲಗಚ್ಚಿಡುವಂತೆ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹೊಯ್ಯುವುದು ಅವರ ವ್ರತ. ಕಣ್ಣು ಮಂಜಾದ ಮೇಲೆ ವ್ರತ ತಪ್ಪಿತು. ಒಮ್ಮೆ ಚೆಲ್ಲಿದ ಆಮ್ಲ ಪಂಚೆಯನ್ನು ತೂತು ಮಾಡಿತು. ಅದೇ ವಾರ ಅರ್ಧರಾತ್ರಿಯಲ್ಲಿ ಕರೆಂಟು ಹೋದಾಗ, ಉಬ್ಬಸದ ಮಡದಿಯ ನೆಬ್ಯುಲೈಸರು ಹತ್ತೇ ನಿಮಿಷಕ್ಕೆ ನಿಂತುಹೋಯಿತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ವಿದ್ಯುತ್ ಕೆಲಸ ಮಾಡಿ ನಿವೃತ್ತರಾಗಿದ್ದ ಭಾವಮೈದುನ ಮರುದಿನವೇ ಓಡಿಬಂದರು. ಜೆಲ್ ಬ್ಯಾಟರಿಯೊಂದನ್ನು ತರಿಸಿದರು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದ ವಿದ್ಯೆಯೇ ಇದೂ. ಆದರೆ ಆಮ್ಲಕ್ಕೆ ಸಿಲಿಕಾದ ನಯವಾದ ಪುಡಿ ಬೆರೆತು, ಅದು ಗಟ್ಟಿಮೊಸರಿನಂತೆ ಹೆಪ್ಪುಗಟ್ಟಿರುತ್ತದೆ, ಚೆಲ್ಲುವುದಿಲ್ಲ. ತೀಕ್ಷ್ಣ ಆಮ್ಲ ತಳಕ್ಕಿಳಿದು ಫಲಕಗಳನ್ನು ಕೆಡಿಸುವ ಕಾಟವೂ ಕಡಿಮೆ. ಚಾರ್ಜಾಗುವಾಗ ಹುಟ್ಟುವ ಆಮ್ಲಜನಕ ಹೆಪ್ಪಿನ ಸಣ್ಣ ಬಿರುಕುಗಳಲ್ಲಿ ಹಾದು ಋಣಫಲಕವನ್ನು ಸೇರಿ ಮತ್ತೆ ನೀರಾಗುತ್ತದೆ. ಒಮ್ಮೆಲೇ ಭಾರಿ ಪ್ರವಾಹ ಕೊಡುವುದರಲ್ಲಿ ಅದು ಸ್ವಲ್ಪ ಹಿಂದು. ದೀಪ, ನೆಬ್ಯುಲೈಸರಿನಂಥ ಹಗುರ ಹೊರೆಗೆ ಧಾರಾಳವಾಗಿ ಸಾಕು.

ಮೇಷ್ಟರು ಆಗಲೇ ಹಳೆಯ ಇನ್ವರ್ಟರಿನ ತಂತಿ ಹಿಡಿದಿದ್ದರು.

“ತಾಳಿ ಭಾವ! ಇದು ನೀರು ಕೇಳುವುದಿಲ್ಲ, ನಿಜ. ಕೊಟ್ಟರೂ ಕುಡಿಯುವುದಿಲ್ಲ.”

12 ವೋಲ್ಟಿನ ಜೆಲ್ ಬ್ಯಾಟರಿಗೆ ಚಾರ್ಜಿನ ಮಿತಿ ಸಾಮಾನ್ಯವಾಗಿ 14.1ರಿಂದ 14.4 ವೋಲ್ಟು. ದ್ರವದ ಬ್ಯಾಟರಿಗೆಂದು ಹೊಂದಿಸಿದ ಇನ್ವರ್ಟರು ಅದನ್ನು ಮೀರಿದರೆ ಅನಿಲವೆದ್ದು ಹೊರಹೋಗುತ್ತದೆ. ಹೆಪ್ಪು ಒಣಗಿ ಫಲಕವನ್ನು ಬಿಡುತ್ತದೆ. ಹೋದ ನೀರನ್ನು ಮತ್ತೆ ತುಂಬಲು ಅದಕ್ಕೆ ಬಾಯಿಯೇ ಇಲ್ಲ. ದಿನದಿನದ ಆರೈಕೆ ಬೇಡದ ವಸ್ತುವಿಗೆ ಮೊದಲ ದಿನದ ಎಚ್ಚರ ಇಮ್ಮಡಿ ಬೇಕು. ಮೆಕ್ಯಾನಿಕ್ ಬಂದು ಇನ್ವರ್ಟರನ್ನು ಜೆಲ್ಲಿಗೆ ಹೊಂದಿಸಿದ ಮೇಲೆಯೇ ಜೋಡಣೆ ನಡೆಯಿತು.

ಆ ರಾತ್ರಿಯೂ ಮಳೆ, ಕರೆಂಟು ಹೋಯಿತು. ನೆಬ್ಯುಲೈಸರು ನಿಲ್ಲಲಿಲ್ಲ. ಮೇಷ್ಟರು ಮಾತ್ರ ಅಭ್ಯಾಸಬಲದಿಂದ ನೀರಿನ ಕ್ಯಾನು ಹಿಡಿದು ಮೆಟ್ಟಿಲ ಬಳಿ ಹೋಗಿ, ಸುಮ್ಮನೆ ಹಿಂತಿರುಗಿದರು.

ಉಸಿರು ಹಗುರಾದ ಮೇಲೆ ಮಡದಿ ಕೇಳಿದರು: “ಬ್ಯಾಟರಿಗೆ ನೀರು ಹಾಕಿದಿರೇನ್ರೀ?”

“ಅದಕ್ಕಿನ್ನು ಬೇಡವಂತೆ.”

“ಹಾಗಾದರೆ ನನಗೊಂದು ಲೋಟ ಬಿಸಿನೀರು ಕೊಡಿ.”